ಬಸ್ಸಿಗೆ ಮೊದಲು ಹಸಿರು

ತಂಗಿಗೆ ಹೆರಿಗೆಯಾದ ಮೇಲೆ ರಕ್ತ ಹೋಗುವುದು ನಿಲ್ಲುತ್ತಿಲ್ಲ ಎಂದು ಅವಳ ಗಂಡ ಮಂಗಳೂರಿನ ಆಸ್ಪತ್ರೆಯಿಂದ ಫೋನ್ ಮಾಡಿದಾಗ ನಾನು ಬೆಳ್ತಂಗಡಿಯಲ್ಲಿ ನಮ್ಮ ಬಟ್ಟೆ ಅಂಗಡಿಯ ಬಾಗಿಲು ತೆರೆಯುತ್ತಿದ್ದೆ. ಅವಳದ್ದು ಸುಲಭವಾಗಿ ಸಿಗದ ಗುಂಪಿನ ರಕ್ತ. ಮನೆಯಲ್ಲಿ ಅದೇ ಗುಂಪು ಇರುವುದು ನನಗೊಬ್ಬಳಿಗೇ.

"ಎಕ್ಸ್‌ಪ್ರೆಸ್ ಬಸ್ಸಿಗೆ ಹೋಗ್ತೇನೆ" ಎಂದೆ.

"ಕಾರು ಇರುವಾಗ ಬಸ್ಸು ಯಾಕೆ ಮಾರಾಯ್ತಿ? ಬೇಗ ಹತ್ತು" ಎಂದರು ನನ್ನ ಗಂಡ.

ಬಂಟ್ವಾಳದವರೆಗೆ ಕಾರು ಚೆನ್ನಾಗಿಯೇ ಓಡಿತು. ಬಿ.ಸಿ.ರೋಡ್ ಹತ್ತಿರವಾಗುತ್ತಿದ್ದಂತೆ ನಿಂತಿತು. ಮುಂದೆ ಕಣ್ಣು ಹಾಯುವವರೆಗೂ ವಾಹನಗಳು. ಅಲ್ಲಿ ಆಗ ಒಂದು ಪ್ರಯೋಗ ನಡೆಯುತ್ತಿತ್ತು. ರಸ್ತೆಯ ಎಡಬದಿಗೆ ಹಗ್ಗ ಕಟ್ಟಿ ಬಸ್ಸುಗಳಿಗೆಂದೇ ದಾರಿ ಬಿಟ್ಟಿದ್ದರು. ಬಸ್ಸು ಹತ್ತಿರ ಬಂದರೆ ಪೊಲೀಸರು ಸಿಗ್ನಲನ್ನು ಹಸಿರು ಮಾಡಿ ಅದನ್ನು ಮೊದಲು ದಾಟಿಸುತ್ತಿದ್ದರು. "ರಸ್ತೆ ಏನು ಬಸ್ಸಿನವರ ಅಪ್ಪನದ್ದಾ?" ಎಂದು ನನ್ನ ಗಂಡ ದಿನಾ ಬೈಯುತ್ತಿದ್ದರು.

ತಂಗಿಯ ಗಂಡನ ಫೋನ್ ಮತ್ತೆ ಬಂತು. "ಅಕ್ಕ, ಎಲ್ಲಿದ್ದೀರಿ? ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋದ್ರು."

ಕನ್ನಡಿಯಲ್ಲಿ ಹಿಂದಿನಿಂದ ಬರುತ್ತಿದ್ದ ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸು ಕಂಡಿತು. ನಾನು ಬಾಗಿಲು ತೆರೆದು ಇಳಿದೆ. "ಏ, ಎಲ್ಲಿಗೆ?" ಎಂದು ಗಂಡ ಕೂಗಿದರು. ಹಗ್ಗದಡಿ ನುಸುಳಿ ಬಸ್ಸಿನ ಎದುರು ಎರಡೂ ಕೈ ಎತ್ತಿ ನಿಂತೆ.

ಬಸ್ಸು ಕಿರ್ರನೆ ನಿಂತಿತು. "ಸಾಯ್ಲಿಕ್ಕೆ ಉಂಟಾ ನಿಮ್ಗೆ? ಇಲ್ಲಿ ಸ್ಟಾಪ್ ಇಲ್ಲ!" ಎಂದು ಕಂಡಕ್ಟರ್ ಸಿಟ್ಟಿನಿಂದ ಕೂಗಿದ.

"ತಂಗಿಗೆ ರಕ್ತ ಕೊಡ್ಲಿಕ್ಕೆ ಹೋಗ್ಬೇಕು" ಎಂದೆ. ಅವನು ನನ್ನ ತೋಳು ಹಿಡಿದು ಮೇಲೆಳೆದ.

ಅಷ್ಟರಲ್ಲಿ ಬಸ್ಸಿಗೆಂದು ಕೊಟ್ಟಿದ್ದ ಹಸಿರು ಮುಗಿದು ಕೆಂಪಾಯಿತು. ಅಡ್ಡ ರಸ್ತೆಯ ಲಾರಿಗಳು ಹೊರಟವು. ಕಾರಿನಲ್ಲೇ ಇದ್ದಿದ್ದರೂ ಇಷ್ಟೇ ಆಗುತ್ತಿತ್ತಲ್ಲ ಅನ್ನಿಸಿತು. ಕಂಡಕ್ಟರ್ ಮೆಟ್ಟಿಲಿನಿಂದ ಹಾರಿ ಪೊಲೀಸರ ಕಡೆಗೆ ಓಡಿದ. ಅವನು ಕೈ ಬೀಸಿ ಹೇಳುವುದು ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಪೊಲೀಸ್ ಒಮ್ಮೆ ಬಸ್ಸಿನತ್ತ ನೋಡಿದರು. ಲಾರಿಗಳನ್ನು ತಡೆದರು. ಮತ್ತೆ ಹಸಿರು ಬಂತು. ಎಲ್ಲ ಕಡೆಯಿಂದ ಹಾರ್ನ್ ಕೇಳಿಬಂದರೂ ಡ್ರೈವರ್ ತಿರುಗಿ ನೋಡಲಿಲ್ಲ.

ಆಸ್ಪತ್ರೆ ತಲುಪಿದ ಕೂಡಲೇ ರಕ್ತ ಕೊಟ್ಟೆ. ಮಧ್ಯಾಹ್ನ ಡಾಕ್ಟರ್ ಹೊರಗೆ ಬಂದು, "ರಕ್ತ ನಿಂತಿದೆ, ಇನ್ನು ಹೆದರ್ಬೇಡಿ" ಎಂದರು. ತಂಗಿಯ ಗಂಡ ಕುರ್ಚಿಯಲ್ಲಿ ಕುಸಿದು ಕೂತ. ಕಣ್ಣೊರೆಸಿಕೊಂಡು, "ಭಾವ ಬರ್ಲಿಲ್ವಾ ಅಕ್ಕ?" ಎಂದು ಕೇಳಿದ.

"ಬಂದಿದ್ದಾರೆ" ಎಂದೆ. "ಕೆಳಗೆ ಕಾರು ನಿಲ್ಲಿಸ್ಲಿಕ್ಕೆ ಜಾಗ ಹುಡುಕ್ತಾ ಇದ್ದಾರೆ."