ತಮ್ಮನ ಕೆಳಗಿನ ಚುಕ್ಕೆಗಳು

ನಮ್ಮಕ್ಕ ಛಾಪಖಾನೆಯಲ್ಲಿ ಕರಡು ತಿದ್ದುತ್ತಾಳೆ. ಔಷಧಿ ಡಬ್ಬಿಯೊಳಗೆ ಮಡಚಿಟ್ಟ ಚೀಟಿ ಇರುತ್ತದಲ್ಲ, ಯಾರೂ ಓದದ್ದು, ಅದನ್ನು ಪೂರ್ತಿ ಓದುವ ಏಕೈಕ ವ್ಯಕ್ತಿ ಅವಳು. ಬೇಡದ ಪದಕ್ಕೆ ಕೆಂಪು ಗೆರೆ. ಹೊಡೆದದ್ದು ತಪ್ಪಾಯಿತು, ಪದ ಇರಲಿ ಎನ್ನಿಸಿದರೆ ಅದರ ಕೆಳಗೆ ಸಾಲಾಗಿ ಚುಕ್ಕೆ. ಮೂವತ್ತಾರನೆಯ ವಯಸ್ಸಿನಲ್ಲಿ ಅವಳಿಗೆ ಆಟಿಸಂ ಇದೆ ಎಂದು ವೈದ್ಯೆ ಹೇಳಿದಾಗ, ಮನೆಯವರು 'ಹಠಮಾರಿ' ಎಂಬ ಮಾತನ್ನು ವಾಪಸ್ ತೆಗೆದುಕೊಳ್ಳಬೇಕಿತ್ತು. ಯಾರೂ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಅವಳು ಊಟ ಬಿಡುತ್ತಾ ಬಿಡುತ್ತಾ ಆಸ್ಪತ್ರೆ ಸೇರಿ, ಗುಂಯ್‌ಗುಡುವ ದೀಪದ ಕೆಳಗೆ ಎರಡು ತಿಂಗಳು ಮಲಗಿ ಬಂದಿದ್ದಳು. ಆ ತಿಂಗಳ ಕೊನೆಗೆ ತೂಕದ ಮುಳ್ಳು ವೈದ್ಯೆ ಹೇಳಿದ ಗೆರೆ ದಾಟದಿದ್ದರೆ ಮತ್ತೆ ಅದೇ ಮಂಚ, ಅದೇ ದೀಪ. ಅವಳಿಗೆ ಅದರ ಭಯ ಎಷ್ಟೆಂದರೆ, ಆಸ್ಪತ್ರೆಯ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

"ಒಬ್ಬರೇ ಊಟಕ್ಕೆ ಕೂರಬೇಡಿ, ಯಾರಾದ್ರೂ ಜೊತೆಗಿರಲಿ," ಎಂದರು ವೈದ್ಯೆ. ಯಾರಾದರೂ ಅಂದರೆ ನಮ್ಮಲ್ಲಿ ಎಲ್ಲರೂ. ಸಂಜೆಯ ಊಟಕ್ಕೆ ಅವಳ ಜೊತೆ ಕೂರುವವರ ಪಟ್ಟಿ ಬರೆದು ದೊಡ್ಡಮ್ಮ ಅಡುಗೆಮನೆಯ ಗೋಡೆಗೆ ಅಂಟಿಸಿದರು. ಸೋಮವಾರ ದೊಡ್ಡಮ್ಮ, ಮಂಗಳವಾರ ಮಾವ, ಬುಧವಾರ ಚಿಕ್ಕಮ್ಮ. ಗುರುವಾರ ತಮ್ಮ, ಅಂದರೆ ನಾನು.

ದೊಡ್ಡಮ್ಮ ಎದುರಿಗೆ ಕೂತು ಅಕ್ಕನ ಬಾಯನ್ನೇ ನೋಡುತ್ತಿದ್ದರು. "ನನಗೋಸ್ಕರ ಒಂದೇ ಒಂದು ತುತ್ತು ಕಣೇ."

"ನಿಮಗೋಸ್ಕರ ಆದ್ರೆ ನೀವೇ ತಿನ್ನಿ," ಎಂದು ಅಕ್ಕ ತಟ್ಟೆಯನ್ನು ಅವರತ್ತ ತಳ್ಳಿದಳು. ಕುಹಕವಲ್ಲ, ನಿಜವಾಗಿಯೇ ಕೊಟ್ಟಳು. ಮಾವ "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಶುರುಮಾಡಿದರೆ ಅವಳ ತಟ್ಟೆಯ ಆಲೂಗಡ್ಡೆ ತಣ್ಣಗಾಗುವವರೆಗೆ ನಿಲ್ಲಿಸುತ್ತಿರಲಿಲ್ಲ. ಮೊಟ್ಟೆಗೆ ತಾಗದಂತೆ ಅಕ್ಕ ದೂರವಿಡುತ್ತಿದ್ದ ಆಲೂಗಡ್ಡೆಯನ್ನು ಚಿಕ್ಕಮ್ಮ ಪ್ರೀತಿಯಿಂದ ಮೊಟ್ಟೆಯ ಜೊತೆಗೇ ಕಲಸಿಬಿಟ್ಟರು. ನಾನಂತೂ ಮನಸ್ಸಿನ ಬಗ್ಗೆ ಎರಡು ಪುಸ್ತಕ ಓದಿದವನು. ತುತ್ತಿಗೊಮ್ಮೆ "ಈಗ ಏನನ್ನಿಸ್ತಿದೆ?" ಎಂದು ಕೇಳುತ್ತಿದ್ದೆ.

ಎರಡನೆಯ ವಾರ ಮುಳ್ಳು ಇನ್ನೂ ಕೆಳಗಿಳಿಯಿತು. ಪ್ರೀತಿ ಸಾಲದಾಯಿತೆಂದು ತೀರ್ಮಾನಿಸಿ, ದಿನಕ್ಕೆ ಇಬ್ಬರಂತೆ ಕೂರತೊಡಗಿದೆವು. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲವಂತೆ. ನಮ್ಮಲ್ಲಿ ಹಾವು ದಪ್ಪವಾಯಿತು, ಅಕ್ಕ ಸಣ್ಣಗಾದಳು.

ಒಂದು ಬೆಳಿಗ್ಗೆ ನೋಡಿದರೆ ಪಟ್ಟಿಯ ತುಂಬ ಕೆಂಪು. ಅಳತೆಪಟ್ಟಿ ಇಟ್ಟು ಎಲ್ಲರನ್ನೂ ಹೊಡೆದುಹಾಕಿದ್ದಳು, ನನ್ನನ್ನೂ. ದೊಡ್ಡಮ್ಮ ಅತ್ತರು. ನನಗೆ ಮೈಯೆಲ್ಲ ಉರಿಯಿತು. ಜಗಳ ಆಡಲೆಂದೇ ಮಧ್ಯಾಹ್ನ ಛಾಪಖಾನೆಗೆ ಹೋದೆ.

ಕಾಗದದ ಗೋದಾಮಿನಲ್ಲಿ ಅಕ್ಕ ಗೋಡೆಗೆ ಮುಖಮಾಡಿ ಕೂತಿದ್ದಳು. ಪಕ್ಕದಲ್ಲಿ, ಅದೇ ಗೋಡೆಗೆ ಮುಖಮಾಡಿ, ಪುಸ್ತಕ ಹೊಲಿಯುವ ಬೈಂಡರ್. ಮಾತಿಲ್ಲ, ಕತೆಯಿಲ್ಲ. ಆತ ಬ್ರೆಡ್ಡು ಕಚ್ಚಿದ, ಸ್ವಲ್ಪ ಹೊತ್ತಿಗೆ ಅವಳೂ ಕಚ್ಚಿದಳು. ಅವಳ ಡಬ್ಬಿ ಖಾಲಿಯಾಯಿತು. ದಿನದ ಆ ಒಂದು ಹೊತ್ತಿನ ಊಟವೇ ಅವಳ ಜೀವ ಹಿಡಿದಿಟ್ಟಿದೆ ಎಂದು ನನಗೆ ಆಗ ತಿಳಿಯಿತು.

ಅವಳು ಕೈ ತೊಳೆಯಲು ಎದ್ದಾಗ ಬೈಂಡರನ ಹತ್ತಿರ ಹೋದೆ. "ಅಕ್ಕಂಗೆ ಏನ್ ಹೇಳಿ ತಿನ್ನಿಸ್ತೀರ?"

"ನಾನ್ಯಾಕೆ ತಿನ್ನಿಸ್ಲಿ? ಒಬ್ನೇ ತಿನ್ನೋಕೆ ಬೇಜಾರು ಅಂತ ಒಂದ್ಸಲ ಅಂದಿದ್ದೆ. ಪಾಪ, ಅವತ್ತಿಂದ ಅವರೇ ನನಗೆ ಜೊತೆ ಕೊಡ್ತಾರೆ."

ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ.

ಆ ಸಂಜೆ ಕುರ್ಚಿಯನ್ನು ಗೋಡೆಗೆ ತಿರುಗಿಸಿ ಅಕ್ಕನ ಪಕ್ಕ ಕೂತು ನನ್ನ ಊಟ ನಾನು ಮಾಡಿದೆ. ನಾಲಿಗೆಯ ತುದಿಗೆ ಬಂದ 'ಏನನ್ನಿಸ್ತಿದೆ'ಯನ್ನು ನುಂಗಿದ್ದೇ ನನ್ನ ಜೀವಮಾನದ ಕಷ್ಟದ ತುತ್ತು. ಬಾಗಿಲಲ್ಲಿ ನಿಂತ ದೊಡ್ಡಮ್ಮ, "ಇಬ್ರೂ ಮುನಿಸ್ಕೊಂಡಿದ್ದೀರಾ?" ಎಂದರು. ನಾವು ತಿನ್ನುತ್ತಿದ್ದೆವು. ಮರುದಿನವೂ ಹಾಗೆಯೇ ಕೂತೆ, ಆಮೇಲೂ.

ತಿಂಗಳ ಕೊನೆಗೆ ಮುಳ್ಳು ಕೂದಲೆಳೆಯಷ್ಟು ಗೆರೆ ದಾಟಿತು. "ನೋಡಿದ್ರಾ, ನಮ್ಮ ಪ್ರೀತಿ ಸುಮ್ನೆ ಹೋಗ್ಲಿಲ್ಲ," ಎಂದು ದೊಡ್ಡಮ್ಮ ಫೋನಿನಲ್ಲಿ ಬಂಧುಬಳಗಕ್ಕೆಲ್ಲ ಸಾರುತ್ತಿದ್ದರು. ನಾನು ನೀರಿಗೆಂದು ಅಡುಗೆಮನೆಗೆ ಹೋದೆ. ಕೆಂಪು ಗೀಚಿದ ಪಟ್ಟಿ ಇನ್ನೂ ಗೋಡೆಯ ಮೇಲಿತ್ತು. ಹೊಡೆದುಹಾಕಿದ 'ತಮ್ಮ'ನ ಕೆಳಗೆ, ಒಂದೇ ಅಳತೆಯಲ್ಲಿ, ನಾಲ್ಕು ಚುಕ್ಕೆಗಳಿದ್ದವು.