ಸಾಸಿವೆ ಹತ್ತಿಸಿದ ಅಂಬಾಸಿಡರ್

ಮೊನ್ನೆ ಶಿವಾಜಿನಗರದಲ್ಲಿ ಪ್ಯಾಸೆಂಜರ್ ಇಳಿಸಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಕ್ಯಾಬ್ ತಿರುಗಿಸುತ್ತಿದ್ದೆ. ಪಕ್ಕದ ಬಣ್ಣದ ಅಂಗಡಿಯಲ್ಲಿ ಯಾರೋ ಥಿನ್ನರ್ ಡಬ್ಬ ತೆರೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಿಂದಿದ್ದ ಆಟೋದವನು, "ಏನ್ ಗುರು, ರೋಡಲ್ಲೇ ನಿದ್ದೆನಾ?" ಅಂತ ಹಾರ್ನ್ ಒತ್ತಿದ. ಥಿನ್ನರ್ ವಾಸನೆಗೆ ಬೇರೆಯವರಿಗೆ ತಲೆ ನೋಯುತ್ತದಂತೆ. ನನಗೆ ಎದೆ ಡವಡವ ಅನ್ನುತ್ತದೆ, ಎಲ್ಲೋ ಏನೋ ತಯಾರಾಗುತ್ತಿದೆ ಅನ್ನುವ ಹಾಗೆ...

ಅದು ನಮ್ಮ ಓನರ್ ಅಂಕಲ್ ವಾಸನೆ.

ಮುಳಬಾಗಿಲಿನಿಂದ ಬಂದು ರಾಮಮೂರ್ತಿ ನಗರದಲ್ಲಿ ಮನೆ ಬಾಡಿಗೆಗೆ ಹಿಡಿದಾಗ, ನಾನು ಕೆಳಗೆ, ಅವರೂ ಆಂಟಿಯೂ ಮಹಡಿಯ ಮೇಲೆ. ವಿಮಾನಪುರದ ಕಾರ್ಖಾನೆಯಲ್ಲಿ ವಿಮಾನಗಳಿಗೆ ಬಣ್ಣ ಹೊಡೆದು ರಿಟೈರ್ ಆದವರು. ತಾರಸಿಯ ಮೇಲೆ ಶೀಟು ಹಾಕಿದ ಒಂದು ರೂಮಿತ್ತು. ಅಲ್ಲಿಂದ ಸಾಯಂಕಾಲವಾದರೆ ಡರ್ರ್ ಅನ್ನುವ ಸದ್ದು. ನೀರಿನ ಮೋಟಾರ್ ಕೆಟ್ಟಿದೆ ಅಂದುಕೊಂಡು ಒಂದು ಭಾನುವಾರ ಹತ್ತಿ ಹೋದೆ. ಬಾಗಿಲು ತಳ್ಳಿದೆನೋ ಇಲ್ಲವೋ, "ಏಯ್, ಬಾಗ್ಲು ಹಾಕು! ಧೂಳು!" ಅಂತ ಕೂಗಿದರು. ಅದು ಅವರು ನನ್ನ ಜೊತೆ ಆಡಿದ ಮೊದಲ ಸರಿಯಾದ ಮಾತು.

ಒಳಗೆ ನೋಡಿದರೆ ಮೇಜಿನ ತುಂಬ ಕಾರುಗಳು. ಒಂದೊಂದೂ ಒಂದು ಗೇಣುದ್ದ. ಸ್ಟೇರಿಂಗು, ಗೇರು, ಮಿರರು, ಎಲ್ಲಾ ಇದೆ. ಸದ್ದು ಮಾಡುತ್ತಿದ್ದದ್ದು ಬಣ್ಣ ಊದುವ ಪುಟ್ಟ ಕಂಪ್ರೆಸರ್. ನಾನು ಬಾಗಿ ಬಾಗಿ ನೋಡುವುದನ್ನು ಅವರು ನೋಡಿದರು. "ಅಂಬಾಸಿಡರ್ ಓಡ್ಸಿದ್ದೀಯೇನಯ್ಯಾ?" ಅಂದರು. ನಾನು ಗಾಡಿ ಕಲಿತದ್ದೇ ಅದರಲ್ಲಿ ಅಂದೆ. ಸ್ಟೂಲನ್ನು ಕಾಲಿನಿಂದಲೇ ನನ್ನ ಕಡೆ ತಳ್ಳಿದರು. "ಹಂಗಾದ್ರೆ ಕೂತ್ಕೋ."

ಅವತ್ತಿನಿಂದ ಬಿಡುವಾದಾಗೆಲ್ಲ ಮೇಲೆಯೇ. ಬಿಡಿಭಾಗ ಜೋಡಿಸಿ ಮಾಡುವ ಕಿಟ್ ಅಂಬಾಸಿಡರ್‌ಗೆ ಎಲ್ಲೂ ಸಿಕ್ಕಿರಲಿಲ್ಲ. ಅದಕ್ಕೆ ಯಾವುದೋ ಫಾರಿನ್ ಕಾರಿನ ಪ್ಲಾಸ್ಟಿಕ್ ಬಾಡಿ ತಂದು, ಬ್ಲೇಡಿನಲ್ಲಿ ಕೊಯ್ದು, ಪುಟ್ಟಿ ತುಂಬಿ, ಉಜ್ಜಿ ಉಜ್ಜಿ ಆ ಗುಂಡು ಬೆನ್ನು, ಆ ದುಂಡು ಬಾನೆಟ್ಟು ತರುತ್ತಿದ್ದರು. ಖಾಲಿ ಮಾತ್ರೆ ಪಟ್ಟಿಯ ಗುಳ್ಳೆ ಕತ್ತರಿಸಿದರೆ ಹೆಡ್‌ಲೈಟು. ಸೀಟಿನ ಮೇಲೆ ಬಿಳಿ ಟವೆಲ್ ಇರಲೇಬೇಕು ಅಂತ ನಾನು ಹಠ ಮಾಡಿದೆ. ಗಾಯಕ್ಕೆ ಕಟ್ಟುವ ಬಟ್ಟೆ ಕತ್ತರಿಸಿ ಹಾಸಿದರು. ಅದನ್ನು ಹಾಸಿದ ಕ್ಷಣ ನಾನು ಚಪ್ಪಾಳೆ ತಟ್ಟಿಬಿಟ್ಟೆ. ನಿಜವಾಗಲೂ, ಆ ಸೀಟಿನ ಮೇಲೆ ಯಾರೋ ಈಗ ತಾನೇ ಕೂತು ಎದ್ದುಹೋದ ಹಾಗಿತ್ತು!

ಆ ಕಾರಿನ ಮೇಲೆ ಅವರು ಜೀವ ಇಟ್ಟುಕೊಂಡಿದ್ದರು. ಎದೆಯಲ್ಲಿ ಸುಂಯ್ ಅನ್ನುವ ಸದ್ದು ಶುರುವಾಗಿ, ಥಿನ್ನರ್ ಮುಟ್ಟಲೇಬೇಡಿ ಅಂತ ಡಾಕ್ಟರು ಹೇಳಿಯಾಗಿತ್ತು. ಇದೇ ಕೊನೆ ಕಾರು ಅಂತ ಆಂಟಿಗೆ ಮಾತು ಕೊಟ್ಟಿದ್ದರು. ಇನ್ನೊಂದು ಕಾರಣವೂ ಇತ್ತು. ವರ್ಷಾವರ್ಷ ವಿಜಯದಶಮಿಗೆ ಇಂದಿರಾನಗರದ ಒಂದು ಹಾಲ್‌ನಲ್ಲಿ ಇಂಥ ಕಾರುಗಳ ಪ್ರದರ್ಶನ ನಡೆಯುತ್ತಿತ್ತು. ಹಿಂದಿನ ವರ್ಷ ಅಲ್ಲಿ ಯಾರೋ ಇವರ ಕಾರು ನೋಡಿ, "ಕ್ಯೂಟ್ ಆಗಿದೆ, ಗೊಂಬೆ ತರ" ಅಂದಿದ್ದರಂತೆ. ಆ ಗೊಂಬೆ ಅನ್ನುವ ಮಾತು ಮುಳ್ಳಿನ ಹಾಗೆ ಚುಚ್ಚಿಕೊಂಡಿತ್ತು. ಮನೆಗೆ ಬಂದರೆ ಆಂಟಿ ಬೇರೆ ಪ್ರತಿ ದಸರೆಗೂ, "ಆ ಕೆಂಪು ಕಾರು ಕೊಡ್ರೀ, ಗೊಂಬೆ ಸಾಲಿಗೆ ಚೆನ್ನಾಗಿರುತ್ತೆ" ಅಂತ ಕೇಳುವರು. ರಾಜ ರಾಣಿ ಗೊಂಬೆಯ ಪಕ್ಕ, ಶೆಟ್ಟಿ ಶೆಟ್ಟಮ್ಮನ ಕೆಳಗೆ ಇವರ ಕಾರು! ಅಂಕಲ್ ಮುಖ ಊದಿಸಿಕೊಂಡು ಎದ್ದುಹೋಗುವರು. "ಈ ಸಲ ಒಬ್ರೂ ಗೊಂಬೆ ಅನ್ಬಾರ್ದು ಕಣಯ್ಯಾ. ಅಷ್ಟೇ ಸಾಕು ನಂಗೆ" ಅನ್ನುತ್ತಿದ್ದರು.

ಬಣ್ಣ ಬಿಳಿ. ಬಿಳಿ ಅಂದರೆ ಹಾಲಿನ ಬಿಳಿಯಲ್ಲ, ನಾಲ್ಕು ಬೇಸಿಗೆ ಕಂಡ ಆಫೀಸ್ ಗಾಡಿಯ ಬಿಳಿ. ಒಂದು ಹನಿ ಹಳದಿ ಹೆಚ್ಚಾಯಿತು ಅಂತ ಎಷ್ಟು ಸಲ ಕೆರೆದು ಮತ್ತೆ ಹೊಡೆದರೋ... ಬಣ್ಣ ಹೊಡೆದ ದಿನ ಮನೆಯಲ್ಲಿ ಒಗ್ಗರಣೆ ಬಂದ್. ಎಣ್ಣೆಹೊಗೆ ಬಣ್ಣದ ಮೇಲೆ ಕೂರುತ್ತದೆ ಅಂತ ಕಾರ್ಖಾನೆಯ ಕಾಲದ ಕಟ್ಟುನಿಟ್ಟು. ಕೆಳಗಡೆ ನಮ್ಮ ಮನೆಗೂ ಅದೇ ಕಾನೂನು. ಆಂಟಿ ಸಪ್ಪೆ ಸಾರಿನ ಪಾತ್ರೆ ಟಪ್ಪಂತ ಇಟ್ಟು, "ವಿಮಾನಕ್ಕೆ ಬಣ್ಣ ಹೊಡೀವಾಗ ಇಡೀ ವಿಮಾನಪುರ ಸಪ್ಪೆ ತಿಂತಿತ್ತೇನ್ರೀ?" ಅನ್ನುವರು. ಅಂಕಲ್ ತಲೆ ಎತ್ತದೆ ಉಣ್ಣುವರು.

ಆಯುಧಪೂಜೆಯ ಹಿಂದಿನ ರಾತ್ರಿ ಕೊನೆಯ ಕೋಟಿಂಗ್ ಬಿತ್ತು. ಆಹಾ, ಆ ಹೊಳಪು! ಧೂಳು ಬೀಳದ ಹಾಗೆ ಅದರ ಮೇಲೆ ದೊಡ್ಡ ಅಕ್ಕಿ ಡಬ್ಬ ಬೋರಲು ಹಾಕಿಟ್ಟರು. ಹಬ್ಬದ ಬೆಳಗ್ಗೆ ನಾವಿಬ್ಬರೂ ಬೂದುಗುಂಬಳ, ಸೇವಂತಿಗೆ ತರಲು ನನ್ನ ಕ್ಯಾಬಿನಲ್ಲಿ ರಸೆಲ್ ಮಾರುಕಟ್ಟೆಗೆ ಹೋದೆವು. ದಾರಿಯುದ್ದಕ್ಕೂ ಅವರದು ಒಂದೇ ಮಾತು, ನಾಳೆ ಕಾರನ್ನು ಯಾವ ಕಡೆ ಮುಖ ಮಾಡಿ ಇಡಬೇಕು ಅಂತ.

ವಾಪಸ್ ಬಂದು ನೋಡುತ್ತೇವೆ, ನಡುಮನೆಯಲ್ಲಿ ಮಣೆಯ ಮೇಲೆ ನಮ್ಮ ಅಂಬಾಸಿಡರ್! ಡಬ್ಬ ಇಲ್ಲ. ಬಾನೆಟ್ಟಿಗೆ ಅರಿಶಿನ, ಕುಂಕುಮ. ತಲೆಯ ಮೇಲೆ ಒಂದು ಸೇವಂತಿಗೆ. ಮುಂದೆ ನಾಲ್ಕು ನಿಂಬೆಹಣ್ಣು, ಒಂದೊಂದೂ ಚಕ್ರಕ್ಕಿಂತ ದೊಡ್ಡದು.

ಅಂಕಲ್ ಕೈಯಿಂದ ಬೂದುಗುಂಬಳ ಜಾರಿತು. ಹೇಗೋ ಹಿಡಿದುಕೊಂಡೆ. ಬಗ್ಗಿ ನೋಡಿದರು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಕುಂಕುಮ ಒಳಗೇ ಇಳಿದುಬಿಟ್ಟಿತ್ತು, ಜೊತೆಗೆ ಆಂಟಿಯ ಉಂಗುರ ಬೆರಳಿನ ಗುರುತು. ಉಜ್ಜಿದರೆ ಬಿಳಿಯೂ ಕಿತ್ತುಬರುತ್ತದೆ. ಮತ್ತೆ ಹೊಡೆಯೋಣ ಅಂದರೆ ಪ್ರದರ್ಶನ ನಾಳೆ.

"ಏನೇ ಇದು?" ಅಂದರು ಅಂಕಲ್.

"ಏನು ಅಂದ್ರೆ? ಆಯುಧಪೂಜೆ ಅಲ್ವೇನ್ರೀ? ಆ ಹುಡುಗನ ಕ್ಯಾಬಿಗೆ ಮಾಡ್ತೀವಿ, ನಿಮ್ಮ ಸ್ಕೂಟರ್‌ಗೆ ಮಾಡ್ತೀವಿ. ಇದಕ್ಕೆ ಬೇಡ್ವಾ?"

"ಮತ್ತೆ ಗೊಂಬೆ ಸಾಲಲ್ಲಿ ಇಡ್ಬೇಕಿತ್ತು ತಾನೆ ನೀನು... ಪ್ರತಿ ವರ್ಷ ಕೇಳ್ತೀಯಲ್ಲ."

ಆಂಟಿ ಇವರನ್ನು ಪೆದ್ದರನ್ನು ನೋಡುವ ಹಾಗೆ ನೋಡಿದರು. "ಗಾಡಿ ಕಣ್ರೀ ಇದು! ಗಾಡೀನ ತಗೊಂಡೋಗಿ ಯಾರಾದ್ರೂ ಗೊಂಬೆ ಜೊತೆ ಇಡ್ತಾರಾ?"

ಅಂಕಲ್ ಮುಖ ನಿಧಾನವಾಗಿ ಅರಳಿತು ನೋಡಿ... ನಗು ಶುರುವಾಯಿತು, ನಗುವಿನ ಜೊತೆ ಕೆಮ್ಮು, ಕೆಮ್ಮಿನ ಮಧ್ಯೆಯೇ ನನ್ನ ಬೆನ್ನಿಗೆ ಗುದ್ದು. "ಕೇಳ್ದೇನಯ್ಯಾ? ಗಾಡಿ ಅಂದ್ಲು! ಇವಳ ಬಾಯಲ್ಲಿ ಗಾಡಿ ಅಂತ ಬಂತು!" ಮರುಕ್ಷಣವೇ ನಿಂಬೆಹಣ್ಣು ಕಣ್ಣಿಗೆ ಬಿತ್ತು. "ಥೂ, ಸೈಜೇ ಸರಿಯಿಲ್ಲ! ಈ ಗಾಡಿಗೆ ಈ ನಿಂಬೆಹಣ್ಣು ಹಲಸಿನಹಣ್ಣು ಇದ್ದಂಗೆ!" ಅನ್ನುತ್ತಾ ಅಡುಗೆಮನೆಗೆ ಓಡಿದರು. ಒಗ್ಗರಣೆ ಡಬ್ಬಿಯಿಂದ ಸಾಸಿವೆ ಆರಿಸಿ ತಂದು, ಕಡ್ಡಿಯ ತುದಿಯಲ್ಲಿ ಹಳದಿ ಬಣ್ಣ ಮುಟ್ಟಿಸಿ, ಚಕ್ರಕ್ಕೆ ಒಂದೊಂದು ಇಟ್ಟರು. ಲೆಕ್ಕಕ್ಕೆ ಸರಿಯಾದ ನಿಂಬೆಹಣ್ಣು!

ಆಂಟಿ ಮಂಗಳಾರತಿ ಎತ್ತಿದರು. ಅಂಕಲ್ ಒಂದು ಬೆರಳಿನಿಂದ ಕಾರನ್ನು ಮೆಲ್ಲಗೆ ಮುಂದೆ ತಳ್ಳಿ, ಕಿವಿಯನ್ನು ಮಣೆಗೆ ಆನಿಸಿದರು. "ಕೇಳಿಸ್ತಾ? ಟಪ್ ಅಂತು!" ನನಗೆ ಏನೂ ಕೇಳಿಸಿರಲಿಲ್ಲ. ಆದರೂ ಹೂಂ ಅಂದೆ. ಅವರ ಕಣ್ಣು ನೋಡಿದರೆ ಹಾಗೆ ಅನ್ನಬೇಕಾಗುತ್ತಿತ್ತು.

ಮಾರನೇ ದಿನ ಕುಂಕುಮದ ಸಮೇತ ಇಂದಿರಾನಗರಕ್ಕೆ ಹೋದೆವು. ಬಹುಮಾನ ಬರಲಿಲ್ಲ. ಕುಂಕುಮವನ್ನು ಯಾವ ಬ್ರಷ್ಷಿನಲ್ಲಿ ಮಾಡಿದಿರಿ ಅಂತ ತೀರ್ಪುಗಾರರು ಕೇಳಿದರು. "ನಮ್ಮ ಮನೆಯವ್ರ ಬೆರಳು ಸಾರ್, ಅಂಗಡೀಲಿ ಸಿಗಲ್ಲ" ಅಂದರು ಅಂಕಲ್, ಎದೆ ಮುಂದೆ ಮಾಡಿ. ಬರುವಾಗ ಕ್ಯಾಬಿನಲ್ಲಿ ಕಾರನ್ನು ತೊಡೆಯ ಮೇಲಿಟ್ಟುಕೊಂಡು ಏನೋ ಗುನುಗುತ್ತಿದ್ದರು. ಆಂಟಿಗೆ ಕೊಟ್ಟ ಮಾತು ಉಳಿಸಿಕೊಂಡರು. ಆಮೇಲೆ ಕಂಪ್ರೆಸರ್ ಸದ್ದು ಮಾಡಲಿಲ್ಲ. ಎದೆಯ ಸುಂಯ್ ಮಾತ್ರ ನಿಲ್ಲಲಿಲ್ಲ... ಅವರು ಹೋಗಿ ಈಗ ಕೆಲವು ವರ್ಷವಾಯಿತು. ಕಾರನ್ನು ಆಂಟಿ ನನ್ನ ಕೈಗೆ ಕೊಟ್ಟರು.

ನಾನೀಗ ಕೆ.ಆರ್. ಪುರದ ಕಡೆ ಇದ್ದೇನೆ. ಈ ಸಲದ ಆಯುಧಪೂಜೆಗೆ ಆಂಟಿ ಫೋನ್ ಮಾಡಿ, "ಗಾಡಿ ತಗೊಂಡ್ ಬಾಪ್ಪಾ" ಅಂದರು. ಕ್ಯಾಬ್ ತೊಳೆದು, ಹೂವು ಹಾಕಿಕೊಂಡು ಹೋಗಿ ಗೇಟಿನಲ್ಲಿ ನಿಲ್ಲಿಸಿದೆ. ಆಂಟಿ ಹೊರಗೆ ಬಂದು ಕ್ಯಾಬಿನೊಳಗೆ ಇಣುಕಿದರು. "ಇದಿರ್ಲಿ. ನಿಮ್ಮಂಕಲ್ ಗಾಡಿ ಎಲ್ಲಿ?"

ಹಿಂದಿನ ಸೀಟಿನಲ್ಲೇ ಇತ್ತು. ನನಗೂ ಬಿಟ್ಟುಹೋಗಲು ಮನಸ್ಸಾಗಿರಲಿಲ್ಲ.

ಅದೇ ಮಣೆ. ಹಳೇ ಕುಂಕುಮದ ಮೇಲೆ ಅದೇ ಬೆರಳು ಹೊಸ ಕುಂಕುಮ ಇಟ್ಟಿತು. ಒಗ್ಗರಣೆ ಡಬ್ಬಿ ತೆರೆದು ಸಾಸಿವೆಯನ್ನು ಆಂಟಿಯೇ ಆರಿಸಿ ಕೊಟ್ಟರು. "ತಳ್ಳಪ್ಪಾ, ಇನ್ಮೇಲೆ ನೀನೇ ಡ್ರೈವರ್." ತಳ್ಳಿದೆ. ಮಣೆಗೆ ಕಿವಿ ಆನಿಸಿದೆ.

ಟಪ್ ಅಂತು. ಆ ದಿನ ಅವರು ಸುಳ್ಳು ಹೇಳಿರಲಿಲ್ಲ, ನಿಜವಾಗಿಯೂ ಕೇಳಿಸುತ್ತದೆ! ಹೇಳಬೇಕು ಅಂತ ಖುಷಿಯಿಂದ ತಲೆ ಎತ್ತಿದೆ... ಎದುರಿಗೆ ಆಂಟಿ ಒಬ್ಬರೇ ಇದ್ದರು, ಆರತಿ ತಟ್ಟೆ ಹಿಡಿದುಕೊಂಡು.