ಗಿಬೊ ಅಣ್ಣ ತಿರುಗಿದ ದಿಕ್ಕು

ಗಿಬೊ ಮೊರಿಯೊ ಹೆಂಚು ಹೊದಿಸುವ ಕಸುಬಿನವನು. ನಮ್ಮ ಕಡಲತೀರದ ಊರು ತೊಮಾರಿಯಲ್ಲಿ ಉಳಿದಿರುವ ಹಳೆಯ ಮನೆಗಳ ಕೆಂಪು ಸೂರುಗಳಲ್ಲಿ ಅರ್ಧಕ್ಕರ್ಧ ಅವನ ಕೈಯವೇ. ನನಗಿಂತ ಆರು ವರ್ಷ ದೊಡ್ಡವನು, ಗರಡಿಯಲ್ಲಿ ಏಳು ವರ್ಷ ಹಿರಿಯ. ಈಗ ಆ ಗರಡಿಗೆ ಯಜಮಾನ ನಾನು, ಉಚಿಮ ಕೋಯಿಚಿ, ನಿವೃತ್ತ ಬಸ್ ಡ್ರೈವರ್. ಗೋಡೆಯ ಮೇಲೆ ಸಾಲಾಗಿ ತೂಗುವ ಹೆಸರಿನ ಹಲಗೆಗಳಲ್ಲಿ ಮೊದಲನೆಯದು ನನ್ನದು. ಅಲ್ಲಿರಬೇಕಾದದ್ದು ಅವನ ಹೆಸರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಒಪ್ಪಿಕೊಂಡು ದೊಡ್ಡ ಮನುಷ್ಯ ಅನ್ನಿಸಿಕೊಳ್ಳುವ ಚಪಲ ನನಗಿಲ್ಲ.

ನಮ್ಮ ಗುರು ಕೊಹಾಗುರ ಅವರು ಕಾಸು ಕೊಟ್ಟು ಎಲ್ಲರೂ ಮೀಯುವ ಊರಿನ ಸ್ನಾನದ ಮನೆ ನಡೆಸುತ್ತಿದ್ದರು. ಅದರ ಹಿಂದಿನ ಅಂಗಳವೇ ಗರಡಿ. ಕರಾಟೆ ಕಲಿಯಲು ಬಂದವನು ಮೊದಲ ಆರು ತಿಂಗಳು ನೀರೊಲೆಗೆ ಸೌದೆ ಒಡೆಯಬೇಕು. ಆಮೇಲೆ ಮರಳು ತುಂಬಿದ ಮಡಕೆಗಳ ಬಾಯಿಯನ್ನು ಐದು ಬೆರಳಲ್ಲಿ ಹಿಡಿದು ಅಂಗಳ ಸುತ್ತಬೇಕು. ನನ್ನ ಕೈ ಜಾರಿದಾಗಲೆಲ್ಲ ಗುರುಗಳು, "ಏನೋ ಉಚಿಮ, ಬಸ್ಸಿನ ಸ್ಟೇರಿಂಗ್ ಅನ್ಕೊಂಡ್ಯಾ? ಮುಂದಿನ ಸ್ಟಾಪಲ್ಲಿ ಇಳಿದುಬಿಡು" ಅನ್ನುತ್ತಿದ್ದರು. ಗಿಬೊ ಅಣ್ಣನಿಗೆ ಅವರು ಏನೂ ಅನ್ನುತ್ತಿರಲಿಲ್ಲ. ಅವನು ದಿನವಿಡೀ ಬಿಸಿಲಲ್ಲಿ ಸೂರಿನ ಮೇಲೆ ಹೆಂಚು ಹೊತ್ತು, ಸಂಜೆ ಸುಣ್ಣ ಮೆತ್ತಿದ ಕಾಲಲ್ಲೇ ಬಂದು ಮಡಕೆ ಎತ್ತುತ್ತಿದ್ದ. ಏಳು ವರ್ಷದವನಿದ್ದಾಗ ಯುದ್ಧದಲ್ಲಿ ಅಪ್ಪನನ್ನು ಕಳೆದುಕೊಂಡಿದ್ದ. ಗುರುಗಳ ಎದುರು ಅವನು ನಿಲ್ಲುತ್ತಿದ್ದ ರೀತಿ ನೋಡಿದರೆ ಆ ಜಾಗ ಯಾರಿಗೆ ಕೊಟ್ಟಿದ್ದಾನೆ ಅಂತ ಹೇಳದೆಯೂ ಗೊತ್ತಾಗುತ್ತಿತ್ತು.

ಒಂದೊಂದು ವರಸೆಗೆ ಮೂರು ಮೂರು ವರ್ಷ. ಅವೆಲ್ಲ ಮುಗಿದ ಮೇಲೆ ಕೊಹಾಗುರ ಮನೆತನದ ಸ್ವಂತ ವರಸೆಯೊಂದಿತ್ತು. ಅದನ್ನು ಗುರುಗಳು ಗಿಬೊ ಅಣ್ಣನಿಗೆ ಮಾತ್ರ ಕೈಹಿಡಿದು ಕಲಿಸಿದರು. ಉಳಿದ ನಮ್ಮ ನಾಲ್ವರು ಹಿರಿಯ ಶಿಷ್ಯರಿಗೆ ಅವರ ಅಪ್ಪಣೆಯಂತೆ ಕಲಿಸಿದವನು ಅವನೇ. ಅದರ ಹನ್ನೊಂದನೆಯ ಹೆಜ್ಜೆ ನನಗೆ ತಿಂಗಳುಗಟ್ಟಲೆ ಬರಲಿಲ್ಲ. ಅವನು ನನ್ನ ಹಿಮ್ಮಡಿ ಹಿಡಿದು ಕೂತುಬಿಡುತ್ತಿದ್ದ.

"ಎಡಗಾಲು ಅರ್ಧ ಹೆಜ್ಜೆ ಹಿಂದಕ್ಕೆ ಬಿಡು. ಆಮೇಲೆ ಸಮುದ್ರದ ಕಡೆ ತಿರುಗು. ಹಿಡಿಯೋಕೆ ಬಂದವನ ಕೈಗೆ ಬರೀ ಗಾಳಿ ಸಿಗಬೇಕು, ತಿಳೀತಾ?"

"ಅಣ್ಣಾ, ನನ್ನ ಕಾಲು ಬಿಟ್ರೆ ತಿರುಗ್ತೀನಿ."

"ಬಿಟ್ರೆ ನೀನು ಹೋಟೆಲ್ ಕಡೆ ತಿರುಗ್ತೀಯ."

ಹೀಗೆ ನಕ್ಕುಕೊಂಡು ಕಲಿಸಿದ. ಅವನು ಕಲಿಸಿದ್ದು ಸಮುದ್ರದ ಕಡೆ. ಅದರಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ.

ಗುರುಗಳಿಗೆ ಎಂಬತ್ತನಾಲ್ಕು ತುಂಬಿದ ವರ್ಷ ಆ ವರಸೆಯನ್ನು ಚಿತ್ರೀಕರಿಸಿ ಇಡಲು ಕೆಲವರು ಮುಂದೆ ಬಂದರು. ಗುರುಗಳು ಹೋದರೆ ವರಸೆ ಹೋಗಬಾರದು ಅನ್ನುವುದು ಅವರ ಆಸೆ, ಒಳ್ಳೆಯದೇ. ಅದೇ ತಿಂಗಳ ಕೊನೆಗೆ ಗುರುಗಳು ಉತ್ತರಾಧಿಕಾರಿಯ ಹೆಸರು ಹೇಳುವವರಿದ್ದರು. ಗಿಬೊ ಅಣ್ಣನ ಹೆಸರೇ ಅಂತ ಮೀನಂಗಡಿಯವಳಿಗೂ ಗೊತ್ತಿತ್ತು. ಇನ್ನೊಂದು ವಿಷಯವೂ ಎಲ್ಲರಿಗೂ ಗೊತ್ತಿತ್ತು. ಗುರುಗಳಿಗೆ ಮರೆವು ಶುರುವಾಗಿತ್ತು. ಊಟ ಮಾಡಿ ಎದ್ದವರು ಊಟ ಯಾವಾಗ ಅಂತ ಕೇಳುತ್ತಿದ್ದರು. ಆದರೆ ಗುರುಗಳಿಗೆ ಮರೆವು ಅಂತ ಬಾಯಿ ಬಿಟ್ಟು ಹೇಳುವ ಶಿಷ್ಯ ನಮ್ಮಲ್ಲಿ ಹುಟ್ಟಿಲ್ಲ. ಗುರುಗಳನ್ನು ತಿದ್ದುವ ಮಾತು ನಮ್ಮ ಗರಡಿಯಲ್ಲಿ ಇಲ್ಲವೇ ಇಲ್ಲ.

ಚಿತ್ರೀಕರಣದ ದಿನ ಗುರುಗಳು ಮುಂದೆ, ನಾವು ಐದು ಜನ ಹಿಂದೆ. ಹತ್ತು ಹೆಜ್ಜೆ ಕಲ್ಲಲ್ಲಿ ಕೊರೆದ ಹಾಗೆ ಬಂದವು. ಹನ್ನೊಂದನೆಯದಕ್ಕೆ ಗುರುಗಳು ಹಿಂದೆ ಸರಿಯಲಿಲ್ಲ. ಬಲಗಾಲು ಮುಂದಿಟ್ಟು, ಸಮುದ್ರಕ್ಕೆ ಬೆನ್ನು ಹಾಕಿ, ಶೂರಿ ಬೆಟ್ಟದ ಕಡೆ ತಿರುಗಿಬಿಟ್ಟರು. ನಾವು ನಾಲ್ವರು ಒಂದು ಕ್ಷಣವೂ ತಡಮಾಡಲಿಲ್ಲ. ನಾವೂ ಬೆಟ್ಟದ ಕಡೆ ತಿರುಗಿದೆವು. ಗಿಬೊ ಅಣ್ಣ ಒಬ್ಬನೇ ಅರ್ಧ ಹೆಜ್ಜೆ ಹಿಂದೆ ಸರಿದು ಸಮುದ್ರದ ಕಡೆ ತಿರುಗಿದ.

ಕ್ಯಾಮೆರಾದವನು ಕೈ ಎತ್ತಿದ. "ಕ್ಷಮಿಸಿ, ಎಡಗಡೆ ಇರೋರು ತಪ್ಪಿದ್ರು ಅನ್ಸತ್ತೆ. ಇನ್ನೊಂದ್ಸಲ ಮಾಡೋಣ್ವಾ?"

ಎರಡನೆಯ ಸಲ ಗುರುಗಳು ಮತ್ತೆ ಬೆಟ್ಟದ ಕಡೆ, ನಾವೂ ಬೆಟ್ಟದ ಕಡೆ. ಗಿಬೊ ಅಣ್ಣ ಮತ್ತೆ ಸಮುದ್ರದ ಕಡೆ.

ಚಹಾಕ್ಕೆ ಬಿಟ್ಟಾಗ ನಾನು ಅವನನ್ನು ಸೌದೆ ಕೊಟ್ಟಿಗೆಯ ಹಿಂದಕ್ಕೆ ಎಳೆದುಕೊಂಡು ಹೋದೆ.

"ಅಣ್ಣಾ, ತಲೆ ಕೆಟ್ಟಿದೆಯಾ ನಿಂಗೆ? ಒಂದು ಸಲ ಅವರ ಹಾಗೆ ತಿರುಗಿದ್ರೆ ನಿನ್ನ ಗಂಟೇನು ಹೋಗತ್ತೆ?"

"ಇದು ನಾಳೆ ಹುಟ್ಟೋರು ನೋಡಿ ಕಲಿಯೋದು ಕಣೋ."

"ಹಾಗಾದ್ರೆ ಬಾಯಿಬಿಟ್ಟು ಹೇಳು ಗುರುಗಳಿಗೆ."

"ನಾನು ಹೇಗೆ ಹೇಳ್ಲಿ? ಮಾಡಿ ತೋರಿಸ್ತಿದೀನಿ. ಅವರು ಕಲಿಸಿದ ಕಾಲು ಇದು. ಒಂದ್ಸಲ ಇದರ ಮೇಲೆ ಕಣ್ಣು ಬಿದ್ರೆ ಅವರಿಗೇ ನೆನಪಾಗತ್ತೆ."

ಅವನ ಪೆದ್ದುತನ ನೋಡಿ. ಹೇಳಿದರೆ ಅವಮರ್ಯಾದೆ, ಮಾಡಿ ತೋರಿಸಿದರೆ ಮರ್ಯಾದೆ ಅಂದುಕೊಂಡಿದ್ದ. ಮೂರನೆಯ ಸಲ ಗುರುಗಳ ಕಣ್ಣು ನಿಜಕ್ಕೂ ಅವನ ಕಾಲಿನ ಮೇಲೆ ಬಿತ್ತು. ಅವರು ನಿಂತರು. ಮುಖ ಕೆಂಡವಾಯಿತು.

"ಗಿಬೊ, ಯಾವ ಕಡೆ ತಿರುಗಿದೀಯ?"

"ಸಮುದ್ರದ ಕಡೆ, ಗುರುಗಳೇ."

"ನನ್ನ ಅಂಗಳದಲ್ಲಿ ನಿಂತು ನನ್ನನ್ನೇ ತಿದ್ದೋಕೆ ಬಂದ್ಯಾ? ಇಷ್ಟು ಜನರ ಮುಂದೆ?"

ಗಿಬೊ ಅಣ್ಣ ತಲೆ ತಗ್ಗಿಸಿದ. ಗುರುಗಳು ನಮ್ಮ ಕಡೆ ನೋಡಿದರು. ಆ ಕಣ್ಣಲ್ಲಿ ಸಿಟ್ಟಿನ ಕೆಳಗೆ ಬೇರೇನೋ ಇತ್ತು. ದಾರಿ ತಪ್ಪಿದ ಮುದುಕ ಬಸ್ಸು ಹತ್ತಿ, ಇದು ಎಲ್ಲಿಗೆ ಹೋಗತ್ತಪ್ಪಾ ಅಂತ ನನ್ನನ್ನು ಕೇಳುವಾಗ ಇರುತ್ತದಲ್ಲ, ಆ ನೋಟ. ಅವರಿಗೆ ಅನುಮಾನ ಬಂದಿತ್ತು. ಅದಕ್ಕೇ ಕೇಳಿದರು.

"ಉಚಿಮ, ನೀನು ಹೇಳು. ಯಾವ ಕಡೆ?"

"ಬೆಟ್ಟದ ಕಡೆ, ಗುರುಗಳೇ" ಅಂದೆ.

ಹೆದರಿ ಹೇಳಿದೆ ಅಂತ ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ಗಿಬೊ ಅಣ್ಣ ಇಲ್ಲದಿದ್ದರೆ ಮುಂದಿನವನು ಯಾರು ಅನ್ನುವುದು ಆ ಕ್ಷಣದಲ್ಲೇ ನನ್ನ ತಲೆಯಲ್ಲಿ ಹಾದು ಹೋಗಿತ್ತು.

ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗುರುಗಳಿಗೆ ಹಣೆ ನೆಲಕ್ಕೆ ತಾಗುವಂತೆ ನಮಸ್ಕರಿಸಿ, ಸೊಂಟದ ಪಟ್ಟಿ ಬಿಚ್ಚಿ ಮಡಚಿ, ಚಪ್ಪಲಿ ಮೆಟ್ಟಿಕೊಂಡು ಹೋದ. ನಾಲ್ಕನೆಯ ಸಲ ಎಲ್ಲರೂ ಒಂದೇ ಕಡೆ ತಿರುಗಿದೆವು. ಬಹಳ ಚೆನ್ನಾಗಿ ಬಂತು ಅಂದ ಕ್ಯಾಮೆರಾದವನು. ಗುರುಗಳ ಮಾತಿನಂತೆ ಗೋಡೆಯಿಂದ ಗಿಬೊ ಅಣ್ಣನ ಹಲಗೆ ತೆಗೆದವನು ನಾನೇ. ತಿಂಗಳ ಕೊನೆಗೆ ಹೇಳಿದ ಹೆಸರು ನನ್ನದು.

ಎರಡು ವರ್ಷಕ್ಕೆ ಗುರುಗಳು ತೀರಿಕೊಂಡರು. ಶಿಷ್ಯರ ಸಾಲಿಗೆ ಬರದೆ ಗಿಬೊ ಅಣ್ಣ ನೆರೆಹೊರೆಯವರ ಸಾಲಿನಲ್ಲಿ ನಿಂತು ಧೂಪ ಹಾಕಿದ. ವಾಪಸು ಬಾ ಅಣ್ಣಾ ಅಂದೆ. "ಮಳೆಗಾಲದೊಳಗೆ ಮೂರು ಸೂರು ಮುಗಿಸಬೇಕು ಕಣೋ" ಅಂದ, ಅಷ್ಟೇ. ಅವನ ಬಾಯಲ್ಲಿ ನನ್ನ ಬಗ್ಗೆ ಒಂದು ಕೆಟ್ಟ ಮಾತು ಯಾರೂ ಕೇಳಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಬೆಳಗಿನ ಜಾವ ಅವನು ತನ್ನ ಹಿತ್ತಲಲ್ಲಿ ಒಬ್ಬನೇ ವರಸೆ ಮಾಡುತ್ತಾನೆ ಅಂತ ಹಾಲಿನವನು ಹೇಳುತ್ತಿದ್ದ. ಯಾವ ಕಡೆ ತಿರುಗುತ್ತಾನೆ ಅಂತ ನಾನು ಕೇಳಲಿಲ್ಲ.

ನನ್ನ ಕಾಲದಲ್ಲಿ ಗರಡಿ ಬೆಳೆಯಿತು. ಎಲ್ಲೆಲ್ಲಿಂದಲೋ ಜನ ಬಂದರು, ಆ ಚಿತ್ರ ನೋಡಿಕೊಂಡೇ ಬಂದರು. ಎಲ್ಲರೂ ಅಚ್ಚುಕಟ್ಟಾಗಿ ಬೆಟ್ಟದ ಕಡೆ ತಿರುಗುತ್ತಾರೆ. ಮೂರು ವರ್ಷದ ಹಿಂದೆ ಗಿಬೊ ಅಣ್ಣನ ಮೊಮ್ಮಗಳು ಚಿಹಾರು ಬಂದು ಸೇರಿದಳು. ಇಪ್ಪತ್ತಾರರ ಹುಡುಗಿ, ಆಸ್ಪತ್ರೆಯಲ್ಲಿ ನರ್ಸು. ಅಜ್ಜನಿಗೆ ಗೊತ್ತಾ ಅಂತ ಕೇಳಿದೆ. ಅಜ್ಜನೇ ಕಳಿಸಿದ್ದು ಅಂದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಹೋದ ತಿಂಗಳು ಅವಳಿಗೆ ಮನೆತನದ ವರಸೆ ಶುರು ಮಾಡಿದೆ. ಒಂದು ಶನಿವಾರ, ನಲವತ್ತು ಜನ ಸೇರಿದ್ದಾಗ, ಅವಳು ಕೈಕಟ್ಟಿ ನಿಂತು ಕೇಳಿದಳು.

"ಗುರುಗಳೇ, ಹನ್ನೊಂದನೇ ಹೆಜ್ಜೇಲಿ ಬೆಟ್ಟದ ಕಡೆ ಯಾಕೆ ತಿರುಗ್ತೀವಿ? ಅಜ್ಜನ್ನ ಕೇಳಿದೆ. ನಂಗೇನು ಗೊತ್ತು, ನಿನ್ನ ಗುರುಗಳನ್ನೇ ಕೇಳು, ಅವರು ಹೇಳಿದ್ದೇ ಸರಿ ಅಂದ್ರು."

ಚಿತ್ರೀಕರಣವಾಗಿ ಇಪ್ಪತ್ತೆರಡು ವರ್ಷದ ಮೇಲೆ ಅವನು ಕೇಳಿ ಕಳಿಸಿದ್ದ. ಗುರುಗಳಿಲ್ಲ, ಉಳಿದ ಮೂವರೂ ಇಲ್ಲ. ಆ ಹೆಜ್ಜೆ ಗೊತ್ತಿರುವವರು ನಾವಿಬ್ಬರೇ. ಸಮುದ್ರದ ಕಡೆ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ನಲವತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು.

"ಸಂಜೆ ಹೊತ್ತು ಅಂತ ತಿಳ್ಕೋ" ಅಂದೆ. "ಸೂರ್ಯ ಸಮುದ್ರದ ಕಡೆ ಇಳೀತಿರ್ತಾನೆ. ನೀನು ಬೆಟ್ಟಕ್ಕೆ ಮುಖ ಮಾಡಿದ್ರೆ ಎದುರಿನವನ ಕಣ್ಣಿಗೆ ಬಿಸಿಲು ಹೊಡೆಯತ್ತೆ. ನಮ್ಮ ಹಿರಿಯರ ಉಪಾಯ ಅದು."

ನಿಂತ ನಿಲುವಿನಲ್ಲೇ ಹೊಸೆದ ಸುಳ್ಳು. ಎಷ್ಟು ಚೆನ್ನಾಗಿತ್ತೆಂದರೆ ನನಗೇ ಹೆಮ್ಮೆಯಾಯಿತು, ಥೂ. ಎಲ್ಲರೂ ತಲೆದೂಗಿದರು.

ಮುಂದಿನ ಶನಿವಾರ ಚಿಹಾರು ಎಲ್ಲರಿಗಿಂತ ಮೊದಲೇ ಬಂದಳು. ಮುಖ ಅರಳಿತ್ತು.

"ಗುರುಗಳೇ, ನೀವು ಹೇಳಿದ್ದನ್ನ ಅಜ್ಜಂಗೆ ಹೇಳಿದೆ."

"ಏನಂದ?"

"ಉಚಿಮ ಹಾಗಂದ್ನಾ, ಅವನೇ ಅಂದ್ನಾ ಅಂತ ಎರಡು ಸಲ ಕೇಳಿದ್ರು. ಹೌದು ಅಂದೆ. ಆಮೇಲೆ, ಹಾಗಾದ್ರೆ ಇಷ್ಟು ವರ್ಷ ನಾನೇ ತಪ್ಪು ನೆನಪಿಟ್ಕೊಂಡಿದ್ನೇನೋ, ಗುರುಗಳನ್ನ ಸುಮ್ನೆ ನೋಯಿಸಿಬಿಟ್ಟೆ ಅಂದ್ರು. ಈಗ ದಿನಾ ಬೆಳಿಗ್ಗೆ ನಂಜೊತೆ ಹಿತ್ತಲಲ್ಲಿ ನಿಂತು ಬೆಟ್ಟದ ಕಡೆ ತಿರುಗೋದು ಕಲೀತಿದಾರೆ. ಎಂಬತ್ತೊಂದು ವರ್ಷ ಅಲ್ವಾ, ಕಾಲು ಬೇಗ ಮಾತು ಕೇಳಲ್ಲ. ನಾನೇ ಹಿಮ್ಮಡಿ ಹಿಡಿದು ತಿರುಗಿಸ್ತೀನಿ."